ಆಂಡರ್ಸನ ಹೊಸ್ತಿಲು, ನಿಂಗವ್ವನ ಹುಣಸೆಹಣ್ಣು

ಟೆಕ್ಸಾಸಿಗೆ ಬಂದ ಮೇಲೆ ನಿಂಗವ್ವ ಇದ್ದ ಮನೆಗಳೆಲ್ಲ ಹೊಚ್ಚ ಹೊಸವು. ಮೊದಲು ಯೂಲೆಸ್‌ನಲ್ಲಿ, ವಿಮಾನಗಳು ತಲೆ ಸವರಿಕೊಂಡು ಇಳಿಯುವ ಕಡೆ, ಆಗಷ್ಟೇ ಕಟ್ಟಿ ಮುಗಿಸಿದ ಅಪಾರ್ಟ್‌ಮೆಂಟ್. ಗಂಡ ವಿನಾಯಕನ ಕೆಲಸ ಹ್ಯೂಸ್ಟನ್ ಕಡೆ ಬದಲಾದಾಗ ಸೈಪ್ರೆಸ್‌ನಲ್ಲಿ ಒಂದು ಮನೆ. ಅಲ್ಲಿ ಬೀದಿಗೆ ಬೀದಿಯೇ ಒಂದೇ ನಮೂನೆ. ತನ್ನ ಮನೆ ಯಾವುದೆಂದು ತಿಳಿಯಲು ಗ್ಯಾರೇಜಿನ ರಿಮೋಟ್ ಒತ್ತಿ ಯಾವ ಬಾಗಿಲು ಏಳುತ್ತದೆ ಎಂದು ನೋಡಬೇಕು. ಕೊನೆಗೆ ರೌಂಡ್ ರಾಕ್. ಅಲ್ಲಿಯೂ ಅದೇ ಪೇಂಟಿನ ವಾಸನೆ, ಅದೇ ಬೂದು ಕಾರ್ಪೆಟ್. ಮನೆಗಳಿಗೆ ಏನೂ ಕಡಿಮೆ ಇರಲಿಲ್ಲ. ಆದರೆ ಅವುಗಳಲ್ಲಿ ತನಗಿಂತ ಮುಂಚೆ ಯಾರೂ ಹುಟ್ಟಿರಲಿಲ್ಲ, ಸತ್ತಿರಲಿಲ್ಲ, ಜಗಳಾಡಿ ಬಾಗಿಲು ಬಡಿದುಕೊಂಡು ಹೋಗಿರಲಿಲ್ಲ. ಅದನ್ನೇ ಅವಳಿಗೆ ಸಹಿಸಲಾಗುತ್ತಿರಲಿಲ್ಲ.

"ಮನಿ ಅಂದ್ರ ನಮ್ಮಕಿಂತ ಮೊದಲ ಯಾರರ ಇದ್ದು ಹೋಗಿರಬೇಕ್ರಿ" ಎಂದು ಗಂಡನಿಗೆ ಹೇಳಿದರೆ, ವಿನಾಯಕ ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ, "ಅಂಥಾ ಮನಿಗೆ ವಾರಂಟಿ ಇರೂದಿಲ್ಲ" ಎನ್ನುತ್ತಿದ್ದ. ಇಂಥ ಗಂಡನ ಹತ್ತಿರ ಮನಸ್ಸಿನ ಮಾತು ಆಡಿ ಏನು ಪ್ರಯೋಜನ, ನೀವೇ ಹೇಳಿ.

ಗದಗಿನಲ್ಲಿ ಅವಳು ಬೆಳೆದ ಓಣಿಯಲ್ಲಿ ಪ್ರತಿ ಮನೆಗೂ ಒಂದು ಕಥೆ ಇತ್ತು. ಇದು ಫೌಜುದಾರ ಓಡಿಹೋದ ಮನೆ, ಇದು ಅವಳಿ ಮಕ್ಕಳ ಮನೆ, ಇದು ಬಾವಿ ಮುಚ್ಚಿದ ಮನೆ. ದಾರಿ ಕೇಳಿದವರಿಗೆ ಹಾಗೆಯೇ ಹೇಳುವುದು. ಇಲ್ಲಿ ಫೋನು ದಾರಿ ಹೇಳುತ್ತದೆ; ಮನೆಯ ಬಗ್ಗೆ ಯಾರೂ ಏನೂ ಹೇಳುವುದಿಲ್ಲ.

ಮಗಳು ನಿಧಿ ಕಾಲೇಜಿಗೆ ಹೋದ ಮೇಲೆ ನಿಂಗವ್ವ ಮನೆಯಲ್ಲೇ ಖಡಕ್ ರೊಟ್ಟಿ ಮಾಡಿ ಕೊಡತೊಡಗಿದಳು. ಡಲ್ಲಾಸ್‌ನಿಂದ, ಹ್ಯೂಸ್ಟನ್‌ನಿಂದ ವಾರದ ಕೊನೆಗೆ ಜನ ಡ್ರೈವ್ ಮಾಡಿಕೊಂಡು ಬಂದು ಕಟ್ಟುಗಟ್ಟಲೆ ಒಯ್ಯುತ್ತಿದ್ದರು. ಟೆಕ್ಸಾಸಿನವರು ದನಕ್ಕೆ ಹಾಕುವ ಜೋಳ ಅವಳ ಕೈಯಲ್ಲಿ ತೆಳ್ಳಗೆ ದುಂಡಗೆ ರೊಟ್ಟಿಯಾಗುವುದನ್ನು ನೋಡಿ, ನೀವೊಂದು ಖಾನಾವಳಿ ಇಡಿ ಎಂದು ಎಲ್ಲರೂ ಬೆನ್ನು ಹತ್ತಿದರು. ಮಾಲ್‌ಗಳಲ್ಲಿ ಗಾಜಿನ ಅಂಗಡಿಗಳನ್ನು ನೋಡಿ ನೋಡಿ ಅವಳಿಗೆ ಸಾಕಾಯಿತು. ಒಂದು ದಿನ ರೌಂಡ್ ರಾಕ್‌ನಿಂದ ಉತ್ತರಕ್ಕೆ ಅರ್ಧ ಗಂಟೆಯ ಹಾದಿಯಲ್ಲಿರುವ ಸಣ್ಣ ಊರಿಗೆ ಜೋಳ ತರಲು ಹೋದವಳು ತಪ್ಪು ತಿರುವು ತೆಗೆದುಕೊಂಡು ಕ್ವಾರಿ ಲೇನ್‌ಗೆ ಬಂದಳು.

ಕ್ವಾರಿ ಲೇನ್ ಎಂದರೆ ಎರಡು ಕಾರು ಎದುರುಬದುರಾದರೆ ಒಂದು ಹಿಂದೆ ಸರಿಯಬೇಕಾದ ಓಣಿ. ಅದರ ಕೊನೆಯಲ್ಲಿ ಹಿಂದೆ ಕಲ್ಲಿನ ಗಣಿ ಇತ್ತಂತೆ. ಆ ಗಣಿಯ ಸುಣ್ಣದ ಕಲ್ಲಿನಲ್ಲೇ ಎರಡೂ ಕಡೆಯ ಮನೆಗಳನ್ನು ಕಟ್ಟಿದ್ದಾರೆ. ಬೆಣ್ಣೆಯ ಬಣ್ಣದ ದಪ್ಪ ಗೋಡೆಗಳು, ಸಣ್ಣ ಕಿಟಕಿಗಳು. ಕಮ್ಮಾರನ ಕುಲುಮೆಯಲ್ಲಿ ಈಗ ವೈನ್ ಮಾರುತ್ತಾರೆ. ಡಾಕ್ಟರರ ಮಹಡಿ ಮನೆಯಲ್ಲಿ ವಕೀಲರಿದ್ದಾರೆ. ಹತ್ತಿ ತೂಗುವ ಕಟ್ಟಡ ಖಾಲಿ ಬಿದ್ದಿದೆ. ನಿಂಗವ್ವನ ಅಪ್ಪ ಗದಗಿನ ಅರಳೆ ಪೇಟೆಯಲ್ಲಿ ತೂಕಕ್ಕೆ ನಿಲ್ಲುತ್ತಿದ್ದವರು. ಆ ಕಟ್ಟಡದ ಮಾಡಿಗೆ ಇನ್ನೂ ನೇತುಬಿದ್ದಿದ್ದ ತಕ್ಕಡಿಯ ಕೊಕ್ಕೆ ನೋಡಿ ಅವಳು ಕಾರು ನಿಲ್ಲಿಸಿ ಇಳಿದಳು. ಅದರ ಪಕ್ಕದ ಒಂದಂಕಣದ ಅಂಗಡಿಯ ಕಿಟಕಿಯಲ್ಲಿ "ಬಾಡಿಗೆಗೆ" ಎಂಬ ಹಲಗೆ ಇತ್ತು. ಹಲಗೆಯ ಕೆಳಗೆ ಕುರ್ಚಿ ಹಾಕಿಕೊಂಡು ಎಂಬತ್ತು ದಾಟಿದ ಒಬ್ಬ ಮುದುಕಿ ಕೂತಿದ್ದರು. ಅವರೇ ಮಾಲಕಿ, ಎಲ್ನಾ ಸ್ಟ್ರಾಂಡ್.

ಆ ಅಂಗಡಿಯ ಹೊಸ್ತಿಲು ಒಂದೇ ಹಾಸುಗಲ್ಲು. ನಡುವೆ ಸವೆದು ತಗ್ಗಾಗಿತ್ತು. ಆ ತಗ್ಗಿನಲ್ಲೇ ಅಕ್ಷರಗಳು ಕಂಡೂ ಕಾಣದ ಹಾಗಿದ್ದವು. ಅಂಗಡಿ ನೋಡಲು ಒಳಗೆ ಹೋಗುವಾಗ ನಿಂಗವ್ವ ಅದನ್ನು ತುಳಿಯದೆ ದಾಟಿದಳು, ನಮ್ಮವರೆಲ್ಲ ದಾಟುವ ಹಾಗೆ. ಎಲ್ನಾ ಅದನ್ನು ಗಮನಿಸಿದರು.

"ನನ್ನ ಮುತ್ತಜ್ಜ ಆಂಡರ್ಸ್, ಸ್ವೀಡನ್‌ನಿಂದ ಬಂದ ಕಲ್ಲುಕುಟಿಗ" ಎಂದರು. "ಈ ಓಣಿಯ ಅರ್ಧ ಮನೆ ಅವನೇ ಕಟ್ಟಿದ್ದು. ಹೆಸರು ಕೆತ್ತೋಕೆ ಗೋಡೆ ಇತ್ತು, ಬಾಗಿಲ ಮೇಲೆ ಜಾಗ ಇತ್ತು. ಎಲ್ಲರೂ ತುಳಿಯೋ ಕಲ್ಲಿನ ಮೇಲೆ ಯಾಕೆ ಕೆತ್ತಿದ ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ."

ನಿಂಗವ್ವನ ಇಂಗ್ಲಿಷು ಗದಗಿನದು, ಆದರೆ ಅಂಜಿಕೆಯಿಲ್ಲದ್ದು. ಅದನ್ನು ಅವಳದೇ ಕನ್ನಡಕ್ಕೆ ತಂದರೆ ಹೀಗಿತ್ತು: "ನಮ್ಮ ಕಡೆ ಗುಡಿ ಬಾಗಿಲದಾಗ ಹಿಂಗ ಇರ್ತೈತ್ರಿ. ಅಡ್ಡಬಿದ್ದ ಭಕ್ತನ ಮೂರ್ತಿ ನೆಲದ ಕಲ್ಲಿನ್ಯಾಗ ಕೆತ್ತಿರ್ತಾರ. ಬರೋರು ಹೋಗೋರು ತನ್ನ ಮ್ಯಾಲೆ ಕಾಲಿಟ್ಟು ಹೋಗಬೇಕು, ಅವರ ಪಾದದ ಧೂಳಿ ತನಗ ತಾಗಬೇಕು ಅಂತ ಅವನ ಆಸೆ. ನಿಮ್ಮ ಮುತ್ತಜ್ಜಂದೂ ಹಂಗ ಇರಬೇಕು."

"ಅವನು ಚರ್ಚಿಗೇ ಹೋಗುತ್ತಿರಲಿಲ್ಲ" ಎಂದು ಎಲ್ನಾ ನಕ್ಕರು. ಆದರೆ ಮಾರನೆಯ ದಿನ ಫೋನ್ ಮಾಡಿ, ಒಂದು ವರ್ಷ ಖಾನಾವಳಿ ಇಟ್ಟು ನೋಡು, ಬರುವ ನವೆಂಬರ್ ಮುಗಿಯುವಾಗ ಮುಂದಿನದು ಹೇಳುತ್ತೇನೆ ಎಂದರು. ಒಂದೇ ಒಂದು ಷರತ್ತು: ಕಲ್ಲಿಗೆ ಏನೂ ಮಾಡಬಾರದು. ಮೊಳೆ ಹೊಡೆಯಬಾರದು, ಬಣ್ಣ ಹಚ್ಚಬಾರದು, ಕೆರೆಯಬಾರದು.

ಆ ವರ್ಷ ನಿಂಗವ್ವನ ಬದುಕಿನ ಒಳ್ಳೆಯ ವರ್ಷ. ಬೆಳಿಗ್ಗೆ ಬೀಗ ತೆಗೆದು ಒಳಗೆ ಬಂದರೆ ಕಲ್ಲಿನ ತಂಪು ಮೈಗೆ ಹತ್ತುತ್ತಿತ್ತು. ಗೋಡೆಯಲ್ಲಿ ಹಳೆಯ ಗೂಡುಗಳು, ಮಾಡಿನಲ್ಲಿ ಯಾವುದೋ ಕಾಲದ ಮಸಿ. ಇಲ್ಲಿ ಯಾರೋ ಇದ್ದರು ಎಂಬ ಸಮಾಧಾನದಲ್ಲಿ ಅವಳು ರೊಟ್ಟಿ ಬಡಿಯುತ್ತಿದ್ದಳು. ಎಲ್ನಾ ದಿನವೂ ಮಧ್ಯಾಹ್ನ ಬರುತ್ತಿದ್ದರು. ಮೊದಲ ದಿನ "ಇದನ್ನು ನಮ್ಮಪ್ಪ ಹಸುಗಳಿಗೆ ಹಾಕುತ್ತಿದ್ದ" ಎಂದವರು, ಬೇಸಿಗೆ ಬರುವ ಹೊತ್ತಿಗೆ ರೊಟ್ಟಿಯ ಜೊತೆಗಿನ ಕಡಲೆಹಿಟ್ಟಿನ ಜುಣಕ ಕಡಿಮೆಯಾದರೆ ತಟ್ಟೆ ಮುಂದೆ ಸರಿಸುವಷ್ಟು ಸಲಿಗೆ ಬೆಳೆಸಿಕೊಂಡಿದ್ದರು. ಮನೆಯಲ್ಲಿ ನಿಂಗವ್ವ ಅವರನ್ನು, ಸ್ವಂತ ಅಜ್ಜಿಯನ್ನು ಕರೆಯುವ ಹಾಗೆ, ಎಲ್ನಾ ಆಯಿ ಎಂದೇ ಕರೆಯುತ್ತಿದ್ದಳು; ಎದುರಿಗೆ ಮಾತ್ರ ಮಿಸೆಸ್ ಸ್ಟ್ರಾಂಡ್.

ಶನಿವಾರ ಬೆಳಿಗ್ಗೆ ಎಲ್ನಾ ಓಣಿ ತೋರಿಸಲು ಜನರನ್ನು ಕರೆದುಕೊಂಡು ಬರುತ್ತಿದ್ದರು. ಆಸ್ಟಿನ್ನಿನಿಂದ, ಇನ್ನೂ ದೂರದಿಂದ ಹತ್ತು ಹದಿನೈದು ಮಂದಿ. ಕಥೆ ಶುರುವಾಗುವುದು ಈ ಹೊಸ್ತಿಲಿನಿಂದಲೇ. ಮಂಡಿ ನೋವಿದ್ದರೂ ಬಗ್ಗಿ, ಅಕ್ಷರಗಳ ಮೇಲೆ ಬೆರಳಾಡಿಸಿ, ಮುತ್ತಜ್ಜನ ಹೆಸರು ಓದುತ್ತಿದ್ದರು. ಹೇಗೆ ಬರಿಗೈಯಲ್ಲಿ ಬಂದ, ಹೇಗೆ ಒಬ್ಬನೇ ಕಲ್ಲು ಎತ್ತಿದ, ಎಷ್ಟು ಗಟ್ಟಿಗ. ಒಳಗೆ ಹಿಟ್ಟು ನಾದುತ್ತ ಕೇಳಿ ಕೇಳಿ ನಿಂಗವ್ವನಿಗೆ ಅದು ಬಾಯಿಪಾಠವಾಗಿತ್ತು.

ದೀಪಾವಳಿ ಅಮಾವಾಸ್ಯೆ ಬಂತು. ಗದಗಿನಲ್ಲಿ ಅಂಗಡಿ ಇಟ್ಟವರು ಅಂದು ಲಕ್ಷ್ಮೀ ಪೂಜೆ ಮಾಡದೆ ಬಿಡುವುದುಂಟೇ? ಸಂಜೆಯ ಪೂಜೆಗೆ ಸೈಪ್ರೆಸ್‌ನಿಂದ ವಿನಾಯಕನ ಗೆಳೆಯ ಪ್ರಭಂಜನ ಬಂದ. ವಾರವೆಲ್ಲ ಸಾಫ್ಟ್‌ವೇರ್, ಹಬ್ಬ ಬಂದರೆ ಪಂಚೆ ಉಟ್ಟು ಪುರೋಹಿತ. ಧಾರವಾಡದವನು, ಕೈ ಧಾರಾಳ, ಬಾಯಿ ಇನ್ನೂ ಧಾರಾಳ. ಹ್ಯೂಸ್ಟನ್ನಿನ ಅಂಗಡಿಯಿಂದ ಒಂದು ಭಾರಿ ಬೂದುಗುಂಬಳಕಾಯಿ ತಂದಿದ್ದ. ಕುಂಕುಮದ ಪೊಟ್ಟಣ ಮಾತ್ರ ಮನೆಯಲ್ಲೇ ಬಿಟ್ಟು ಬಂದಿದ್ದ. ಅದಕ್ಕೇನಂತೆ ಎಂದು ಅಡುಗೆಮನೆಯ ಅರಿಶಿನಕ್ಕೆ ನಿಂಗವ್ವನ ಎಲೆ ಅಡಿಕೆ ಡಬ್ಬಿಯ ಸುಣ್ಣ ಕಲಸಿ, ರಕ್ತದಂಥ ಕೆಂಪು ಮಾಡಿ, ಕಾಯಿಯ ಹೊಟ್ಟೆಗೆ ತುಂಬಿದ.

"ಪ್ರಭಂಜನ, ಅಲ್ಲಿ ಕಾರ್ ಪಾರ್ಕಿಂಗ್‌ದಾಗ ಒಡೀರಿ" ಎಂದಳು ನಿಂಗವ್ವ.

"ವೈನಿ, ದೃಷ್ಟಿ ಬಾಗಿಲಕ್ಕ ಆಗ್ತದೋ, ಪಾರ್ಕಿಂಗ್‌ಗೋ?" ಎಂದು ಅವನು ಕಾಯಿ ಮೇಲೆತ್ತಿ ಮೂರು ಸುತ್ತು ನಿವಾಳಿಸಿ, ಇದ್ದ ಬಲವನ್ನೆಲ್ಲ ಹಾಕಿ ಹೊಸ್ತಿಲಿನ ಮುಂದೆ ಅಪ್ಪಳಿಸಿದ. ಮುಂದೆ ಬೀಳಬೇಕಾದದ್ದು ಮೇಲೆಯೇ ಬಿತ್ತು. ಸೇರಿದ್ದವರು ಚಪ್ಪಾಳೆ ತಟ್ಟಿದರು. ಸುಣ್ಣದ ಕಲ್ಲು ಬಾಯಾರಿದ ದನದಂತೆ ಆ ಕೆಂಪು ನೀರನ್ನು ಹೀರಿಕೊಂಡಿತು.

ಜನ ಉಂಡು ಹೋದ ಮೇಲೆ ನಿಂಗವ್ವ ನೀರು ಹೊಯ್ದು ತಿಕ್ಕಿದಳು. ಹೋಗಲಿಲ್ಲ. ಸೋಪು ಹಾಕಿದಳು. ಆಂಡರ್ಸನ ಹೆಸರು ಕೆಂಪಗೆ ಎದ್ದು ಕಾಣುತ್ತಿತ್ತು. ಮರುದಿನ ಮಧ್ಯಾಹ್ನ ಎಲ್ನಾ ಊಟಕ್ಕೆ ಬರುತ್ತಾರೆ, ಅದರ ಮರುದಿನ ಶನಿವಾರ. ಹೀಗೆ ಗಾಬರಿಯಾದ ನಮ್ಮ ಹೆಣ್ಣುಮಗಳು ಏನು ಮಾಡುತ್ತಾಳೆ? ದೇವರ ಮುಂದಿನ ದೀಪದ ಸಮೆ, ತಾಮ್ರದ ತಂಬಿಗೆ, ಹಿತ್ತಾಳೆ ಗಂಟೆ, ಎಲ್ಲಕ್ಕೂ ಅವಳ ಹತ್ತಿರ ಇರುವುದು ಒಂದೇ ಮದ್ದು. ಮುಷ್ಟಿ ಹುಣಸೆಹಣ್ಣು ಕಿವುಚಿ, ಉಪ್ಪು ಬೆರೆಸಿ, ಕಲ್ಲಿಗೆ ದಪ್ಪಗೆ ಮೆತ್ತಿದಳು. ಕೆಂಪು ಕಣ್ಣೆದುರೇ ಹಳದಿಗೆ ತಿರುಗಿತು. ಮದ್ದು ಹಿಡಿಯಿತು ಎಂದು ಸಂತೋಷಪಟ್ಟು, ಹಾಗೆಯೇ ಬಿಟ್ಟು ಮನೆಗೆ ಹೋದಳು. ಬೆಳಿಗ್ಗೆ ಬಂದು ಸ್ಟೀಲ್ ಸ್ಕ್ರಬರ್ ಹಿಡಿದು, ಪಾತ್ರೆಯ ತಳ ತಿಕ್ಕುವಂತೆ ಗಸಗಸ ತಿಕ್ಕಿದಳು. ಬೆಳ್ಳನೆಯ ಪುಡಿ ಏಳುತ್ತಿತ್ತು. ಕೊಳೆ ಬರುತ್ತಿದೆ ಎಂದುಕೊಂಡಳು.

ನೀರು ಹೊಯ್ದು ಒರೆಸಿದ ಮೇಲೆ ನೋಡಿದರೆ ಅಲ್ಲಿ ಅಕ್ಷರಗಳಿರಲಿಲ್ಲ. ಒಂದು ಬಿಳಿಚಿದ, ಒರಟಾದ ತೇಪೆ, ಅದರ ಸುತ್ತ ಹಳದಿ ಅಂಚು. ಹುಳಿ ಸುಣ್ಣದ ಕಲ್ಲನ್ನು ತಿನ್ನುತ್ತದೆ. ಹುಣಸೆಹಣ್ಣು ಹಿತ್ತಾಳೆಯ ಕಿಲುಬನ್ನು ತಿಂದಂತೆ ಆಂಡರ್ಸನ ಹೆಸರನ್ನೂ ತಿಂದಿತ್ತು. ನಿಂಗವ್ವ ಕಲ್ಲಿನ ಪಕ್ಕ ಕೂತಳು. ಎಲ್ನಾ ಬರುವವರೆಗೂ ಏಳಲಿಲ್ಲ.

ಎಲ್ನಾ ಬಂದರು, ನೋಡಿದರು.

"ನಾನ ಮಾಡಿದ್ದು" ಎಂದಳು ನಿಂಗವ್ವ. "ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಅಕ್ಷರ ಹೋಗ್ತಾವಂತ ಗೊತ್ತಿರಲಿಲ್ಲ."

ಎಲ್ನಾ ಬಗ್ಗಿ ಬೆರಳಿಟ್ಟು ನೋಡಿದರು. ಬೆರಳಿಗೆ ಪುಡಿ ಹತ್ತಿತು. ಅದನ್ನು ಒರೆಸಿಕೊಳ್ಳಲೂ ಇಲ್ಲ. "ನಿನಗೆ ನಾನು ಹೇಳಿದ್ದು ಒಂದೇ ಮಾತು" ಎಂದು ಹೇಳಿ ತಿರುಗಿ ಹೋದರು. ಶನಿವಾರದ ಓಣಿ ಸುತ್ತು ನಡೆಯಲಿಲ್ಲ. ಹಿಂದೆಂದೂ ಹಾಗಾಗಿರಲಿಲ್ಲ.

ಆಮೇಲಿನ ದಿನಗಳು ಹೇಗೆ ಹೋದವೆಂದು ಕೇಳಬೇಡಿ. ಮಧ್ಯಾಹ್ನವಾದರೆ ನಿಂಗವ್ವನ ಕಣ್ಣು ಬಾಗಿಲಿಗೇ, ಎಲ್ನಾ ಬರಲಿಲ್ಲ. ನಿಧಿ ಕಾಲೇಜಿನಿಂದ ಫೋನ್ ಮಾಡಿ, "ಅವ್ವಾ, ಜಸ್ಟ್ ಸೇ ಸಾರಿ. ಇಟ್ಸ್ ಎ ಸ್ಟೆಪ್" ಎಂದಳು. ಹೌದಮ್ಮ, ಬರೀ ಮೆಟ್ಟಿಲು ಎಂದುಕೊಂಡು ನಿಂಗವ್ವ ಫೋನ್ ಇಟ್ಟಳು. ವಿನಾಯಕ ಮಾತ್ರ ಈ ಸಲ ವಾರಂಟಿಯ ಮಾತೆತ್ತಲಿಲ್ಲ. ಹೆಂಡತಿ ರಾತ್ರಿ ಉಣ್ಣದೆ ಮಲಗುವುದನ್ನು ನೋಡಿ ಅವನಿಗೂ ಕಸಿವಿಸಿಯಾಗಿತ್ತು.

"ಡಲ್ಲಾಸ್‌ನ್ಯಾಗ ಕಲ್ಲಿನ ಕೆಲಸದವರು ಅದಾರ. ಹಳೇ ಫೋಟೋ ಕೊಟ್ರ ಮಷಿನ್‌ಲೆ ಹಂಗ ಕೆತ್ತಿ ಕೊಡ್ತಾರಂತ. ಒಂದ ದಿನದ ಕೆಲಸ" ಎಂದ.

"ಅಕ್ಷರ ಬರ್ತಾವ್ರಿ. ಆದ್ರ ಅವು ಆಂಡರ್ಸಂದು ಆಗೂದಿಲ್ಲ."

"ನೋಡೋರಿಗೆ ಏನ ಗೊತ್ತಾಗ್ತೈತಿ?"

"ಆಯಿಗೆ ಗೊತ್ತಾಗ್ತೈತಿ. ನನಗ ಗೊತ್ತಾಗ್ತೈತಿ. ಈ ಊರಾಗ ಹೊಸಾದು ಏನ ಕಡಿಮಿ ಐತೇನ್ರಿ, ಇದನ್ನೂ ಹೊಸಾದು ಮಾಡಾಕ?"

ವಿನಾಯಕ ಕೊನೆಗೆ ಕೇಳಬೇಕಾದದ್ದನ್ನು ಕೇಳಿದ: "ಖಾನಾವಳಿ ಬಿಡಬೇಕಾತು ಅಂದ್ರ?"

ಬಿಡಬೇಕಾದರೆ ರೊಟ್ಟಿಯನ್ನು ಎಲ್ಲಿ ಬೇಕಾದರೂ ಬಡಿಯಬಹುದು, ಮಾಲ್‌ನಲ್ಲೂ ಬಡಿಯಬಹುದು. ಆದರೆ ಅಷ್ಟು ವರ್ಷಗಳಲ್ಲಿ ಒಳಗೆ ಕಾಲಿಟ್ಟರೆ ಮನಸ್ಸು ತಣ್ಣಗಾಗುವ ಒಂದೇ ಒಂದು ಜಾಗ ಸಿಕ್ಕಿತ್ತು, ಅದನ್ನು ನಿಂಗವ್ವ ತನ್ನ ಕೈಯಾರೆ ಹಾಳು ಮಾಡಿಕೊಂಡಿದ್ದಳು. ಮರುದಿನ ಅಂಗಡಿಗೆ ಬಂದು ಗೋಡೆಯ ಗೂಡಿನಲ್ಲಿದ್ದ ಡಬ್ಬಿಗಳನ್ನು ಒಂದೊಂದೇ ಇಳಿಸಿ ರಟ್ಟಿನ ಪೆಟ್ಟಿಗೆಗೆ ಹಾಕತೊಡಗಿದಳು. ಹೇಳಿಸಿಕೊಂಡು ಹೋಗುವುದಕ್ಕಿಂತ ತಾನೇ ತಯಾರಾಗಿರುವುದು ಲೇಸು.

ಅವಳನ್ನು ಇನ್ನೂ ಹೆಚ್ಚು ನೋಯಿಸಿದ್ದು ಬೇರೆ. ತಿಕ್ಕಿದ ಜಾಗದ ಸುತ್ತ ಉಳಿದಿದ್ದ ಹಳದಿ ಅಂಚು ದಿನದಿನಕ್ಕೆ ಮಾಸುತ್ತಿತ್ತು. ಯಾರೂ ಮುಟ್ಟಿರಲಿಲ್ಲ. ನವೆಂಬರ್ ಆದರೂ ಟೆಕ್ಸಾಸಿನ ಬಿಸಿಲು ಬಿಸಿಲೇ. ಬೆಳಗಿನಿಂದ ಸಂಜೆಯ ತನಕ ಆ ಕಲ್ಲಿನ ಮೇಲೆಯೇ ಬೀಳುತ್ತಿತ್ತು. ಗುರುವಾರದ ಹೊತ್ತಿಗೆ ಹಳದಿಯ ಸುಳಿವೂ ಇರಲಿಲ್ಲ. ಆಗ ಅವಳಿಗೆ ನೆನಪಾಯಿತು. ಅರಿಶಿನ ಬಿಸಿಲಿಗೆ ನಿಲ್ಲುವುದಿಲ್ಲ. ಮದುವೆ ಮನೆಯಲ್ಲಿ ಅಪ್ಪನ ಬಿಳಿ ಧೋತರಕ್ಕೆ ಅರಿಶಿನ ಬಿದ್ದರೆ ಅವ್ವ ತಿಕ್ಕುತ್ತಿರಲಿಲ್ಲ, ಮಾಳಿಗೆಯ ಮೇಲೆ ಹರವುತ್ತಿದ್ದಳು. ಗೊತ್ತಿದ್ದ ವಿಷಯವೇ. ಕೈ ಕಟ್ಟಿ ಒಂದು ವಾರ ಸುಮ್ಮನೆ ಕೂತಿದ್ದರೆ ಕಲ್ಲು ಕಲ್ಲಾಗಿಯೇ ಇರುತ್ತಿತ್ತು, ಹೆಸರು ಹೆಸರಾಗಿಯೇ ಇರುತ್ತಿತ್ತು. ಆದರೆ ಸುಮ್ಮನೆ ಕೂರುವುದನ್ನು ಅವಳಿಗೆ ಯಾರು ಕಲಿಸಿದ್ದರು? ಹುಟ್ಟಿದಾಗಿನಿಂದ ತಿಕ್ಕಿದ್ದೇ ತಿಕ್ಕಿದ್ದು.

ಶನಿವಾರ ಬೆಳಿಗ್ಗೆ ಓಣಿಯ ತುದಿಯಲ್ಲಿ ಜನರ ಮಾತು ಕೇಳಿತು. ಸುತ್ತು ಮತ್ತೆ ಶುರುವಾಗಿತ್ತು. ನಿಂಗವ್ವ ಒಲೆ ಆರಿಸಿ ಕಿಟಕಿಯ ಮರೆಗೆ ನಿಂತಳು. ಎಲ್ನಾ ಕೋಲೂರಿಕೊಂಡು ಹೊಸ್ತಿಲಿನ ಮುಂದೆ ಬಂದು ನಿಂತರು. ಬಗ್ಗಲಿಲ್ಲ, ಓದಲು ಏನೂ ಇರಲಿಲ್ಲ. ಇವತ್ತು ಬಾಯಿಪಾಠದ ಕಥೆ ಬರುವುದಿಲ್ಲ ಎಂದು ನಿಂಗವ್ವನಿಗೆ ತಿಳಿಯಿತು, ಗೋಡೆಗೆ ಒರಗಿದಳು.

"ಇದು ನನ್ನ ಮುತ್ತಜ್ಜ ಆಂಡರ್ಸ್ ಕಟ್ಟಿದ ಅಂಗಡಿ" ಎಂದರು ಎಲ್ನಾ. "ಅವನು ಒಬ್ಬನೇ ಕಲ್ಲು ಎತ್ತಿದ ಅಂತ ನಾನು ಎಲ್ಲರಿಗೂ ಹೇಳ್ತೀನಿ. ಸುಳ್ಳು. ಮೂರು ಜನ ಆಳು ಇದ್ದರು, ಅವರ ಹೆಸರು ನಮ್ಮ ಮನೆಯಲ್ಲಿ ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಬಾಗಿಲು ನೋಡಿ, ಒಂದು ಕಡೆ ಸೊಟ್ಟ. ನನ್ನಜ್ಜ ಪಿಯಾನೋ ಒಳಗೆ ತರೋಕೆ ಗೋಡೆ ಒಡೆಸಿದ. ಪಿಯಾನೋ ನುಡಿಸೋಕೆ ಯಾರಿಗೂ ಬರುತ್ತಿರಲಿಲ್ಲ. ಒಳಗಿನ ಗೋಡೆಗೆ ನಮ್ಮಮ್ಮ ಹಸಿರು ಆಯಿಲ್ ಪೇಂಟ್ ಬಳಿದಳು. ಅದನ್ನು ಕೆರೆದು ತೆಗೆಯೋದರಲ್ಲಿ ನನ್ನ ಅರ್ಧ ಆಯಸ್ಸು ಹೋಯಿತು. ಈ ಮೂಲೆ ಚೂರು ಹಾರಿದ್ದು ನನ್ನಿಂದ, ಸ್ಕೇಟ್ ಕಟ್ಟಿಕೊಂಡು ಬಂದು ಗುದ್ದಿದೆ. ಅಪ್ಪ ಬಾರಿಸಿದ."

ಯಾರೋ ನಕ್ಕರು. ಎಲ್ನಾ ಕೋಲಿನ ತುದಿಯಿಂದ ಬಿಳಿಚಿದ ತೇಪೆಯನ್ನು ತೋರಿಸಿದರು.

"ಇಲ್ಲಿ ಅವನ ಹೆಸರು ಇತ್ತು. ಈ ತಿಂಗಳು ಹೋಯಿತು. ಗದಗ ಎನ್ನುವ ಊರಿನ ನಿಂಗವ್ವ ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಕಲೆ ತೆಗೆಯೋಕೆ."

ಬಂದವರು ಒಬ್ಬೊಬ್ಬರಾಗಿ ಬಗ್ಗಿ ಮುಟ್ಟಿ ನೋಡಿದರು. ಒಳಗೆ ನಿಂಗವ್ವ ಕಿಟಕಿಯಿಂದ ಇನ್ನೂ ಹಿಂದೆ ಸರಿದಳು. ವರ್ಷಗಟ್ಟಲೆ ಕೈಸುಟ್ಟುಕೊಂಡು ರೊಟ್ಟಿ ಬಡಿದವಳು, ಊರ ಬಾಯಲ್ಲಿ ಹೆಸರು ಬಂದದ್ದು ಇದಕ್ಕೆ. ನೆಲ ಬಾಯಿಬಿಟ್ಟರೆ ಹೋಗಿಬಿಡುತ್ತಿದ್ದಳು. ಆದರೂ ನಾಚಿಕೆಯ ಅಡಿಯಲ್ಲಿ ಇನ್ನೇನೋ ಇತ್ತು, ಅದಕ್ಕೆ ಅವಳಿಗೇ ಹೆಸರು ತಿಳಿಯಲಿಲ್ಲ.

ಜನ ಡಾಕ್ಟರರ ಮನೆಯ ಕಡೆ ಹೋದ ಮೇಲೆ ಎಲ್ನಾ ಒಳಗೆ ಬಂದು ತಮ್ಮ ಮಾಮೂಲಿ ಮೇಜಿನ ಹತ್ತಿರ ಕೂತರು. ರಟ್ಟಿನ ಪೆಟ್ಟಿಗೆಗಳನ್ನು ನೋಡಿದರು.

"ಇವೆಲ್ಲ ಏನು?"

"ಈ ತಿಂಗಳಿಗೆ ವರ್ಷ ಮುಗೀತೈತ್ರಿ. ನೀವು ಹೇಳೋಕಿಂತ ಮೊದಲ ನಾನ ಖಾಲಿ ಮಾಡ್ತೀನಿ." ಇನ್ನೊಂದು ಡಬ್ಬಿ ಪೆಟ್ಟಿಗೆಗೆ ಹಾಕಿದಳು. "ಬಿಟ್ಟಿದ್ರ ಬಿಸಿಲ ತೊಳೀತಿತ್ತು ಆಯಿ. ಅದು ನನಗ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ."

ಎದುರಿಗೆ ಆಯಿ ಎಂದದ್ದು ಅದೇ ಮೊದಲು. ಎಲ್ನಾ ಅರ್ಥ ಕೇಳಲಿಲ್ಲ.

"ನನ್ನ ಸಿಟ್ಟು ಹೋಗಿಲ್ಲ" ಎಂದರು. "ಹೋಗೋದೂ ಇಲ್ಲ. ಆ ಪಿಯಾನೋಕ್ಕಾಗಿ ಅಜ್ಜನ ಮೇಲೆ ಇವತ್ತಿಗೂ ಸಿಟ್ಟಿದೆ, ಹಸಿರು ಬಣ್ಣಕ್ಕೆ ಅಮ್ಮನ ಮೇಲಿದೆ. ಹೊರಗಿನವರು ಏನಾದರೂ ಒಡೆದರೆ ನಾನು ಸಿಟ್ಟು ಮಾಡಿಕೊಳ್ಳಲ್ಲ, ಇನ್ಶುರೆನ್ಸ್‌ನವರಿಗೆ ಫೋನ್ ಮಾಡ್ತೀನಿ. ಈ ವಾರವೆಲ್ಲ ಫೋನ್ ಕೈಗೆ ತಗೊಂಡೆ, ಇಟ್ಟೆ. ಮಾಡೋಕೆ ಮನಸ್ಸು ಬರಲಿಲ್ಲ. ಬರೀ ಸಿಟ್ಟೇ ಬಂತು."

ನಿಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ನಾನು ಸಾಯೋವರೆಗೂ ನಿನ್ನನ್ನು ಬೈಯಬೇಕಾಗಿದೆ. ನೀನು ಬೇರೆ ಕಡೆ ಹೋದರೆ ಅಲ್ಲಿಗೆ ಬಂದು ಬೈಯೋಕೆ ನನ್ನ ಮಂಡಿಗೆ ಆಗಲ್ಲ. ಡಬ್ಬಿಗಳನ್ನು ಮೇಲಿಡು. ಹಸಿವಾಗಿದೆ."

ನಿಂಗವ್ವ ಒಲೆ ಹಚ್ಚಿದಳು. ಮೊದಲ ರೊಟ್ಟಿ ಬಡಿಯುವಾಗಲೇ ನಡುವೆ ಹರಿಯಿತು. ಬೇರೆ ಹಿಟ್ಟು ತೆಗೆದುಕೊಳ್ಳಲು ಹೋದಳು. ಎಲ್ನಾ, ಅದನ್ನೇ ಬೇಯಿಸಿ ಕೊಡು ಎಂದು ತಟ್ಟೆ ಮುಂದೆ ಸರಿಸಿದರು.